ಹನಿ ನಿಲ್ಲಿಸಿದ ಹುಲಗೆಮ್ಮ

"ಯಪ್ಪಾ, ಇನ್ನೂ ಸೋರಾಕತ್ತದ!"

ಹುಲಗೆಮ್ಮ ಕೂಗಿದ್ದು ಇಂಜಿನ್ನಿನ ಡಬಡಬ ಸದ್ದಿನಲ್ಲಿ ಮುಳುಗಿಹೋಯಿತು. ಸಸಿಮಡಿಗೆ ನೀರು ಮುಟ್ಟಿತೋ ಇಲ್ಲವೋ ನೋಡಲು ಅಪ್ಪ ಪರಮಣ್ಣ ಆಗಲೇ ಕಾಲುವೆ ಹಿಡಿದು ದೂರ ಹೋಗಿದ್ದ. "ಇಲ್ಲೇ ಕುಂತಿರು. ಯಾವುದಕ್ಕೂ ಕೈ ಹಚ್ಚಬ್ಯಾಡ" ಎಂದಷ್ಟೇ ಹೇಳಿದ್ದ.

ಸುಮ್ಮನೆ ಕೂರುವುದೆಂದರೆ ಹುಲಗೆಮ್ಮನಿಗೆ ಆಗದ ಮಾತು. ಕೂತಳು, ಎದ್ದಳು, ಕೃಷ್ಣಾ ಹೊಳೆಗೆ ನಾಲ್ಕು ಕಲ್ಲು ಎಸೆದಳು. ಮತ್ತೆ ಬಂದು ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಪಂಪಿನಿಂದ ಒಂದು ಕಬ್ಬಿಣದ ಶಾಫ್ಟು ಹೊರಗೆ ಚಾಚಿಕೊಂಡು ಗರಗರ ತಿರುಗುತ್ತದೆ. ಅದು ಹೊರಬರುವ ಜಾಗಕ್ಕೆ ಗ್ರೀಸು ಹಚ್ಚಿದ ಹಗ್ಗ ಸುತ್ತಿ, ಎರಡು ನಟ್ಟು ಬಿಗಿದಿರುತ್ತಾರೆ. ಹಳೆಯ ಹಗ್ಗ ಸವೆದು, ಗಾಳಿ ಒಳಹೊಕ್ಕು ಮೂರು ದಿನದಿಂದ ಪಂಪು ನೀರನ್ನೇ ಎತ್ತಿರಲಿಲ್ಲ. ಸಾವುಕಾರ ವಿರೂಪಣ್ಣನ ಭತ್ತದ ಸಸಿ ಬಾಡತೊಡಗಿತ್ತು. ಹೊಳೆದಂಡೆಯ ಗೂಗಲ್ ಊರಿನಲ್ಲಿ ಯಾರ ಪಂಪು ಕೆಟ್ಟರೂ ಕರೆ ಬರುವುದು ಪರಮಣ್ಣನಿಗೇ. ಬೆಳಿಗ್ಗೆ ಅವನೇ ಬಂದು ಹೊಸ ಹಗ್ಗ ಸುತ್ತಿದ್ದ.

ಆದರೂ ಹನಿ ಬೀಳುತ್ತಿತ್ತು. ತಟ್. ತಟ್.

ಎಮ್ಮೆ ತೊಳೆಯಲು ಬಂದಿದ್ದ ಕನಕರಾಯ ಬಗ್ಗಿ ನೋಡಿ ಹಲ್ಲು ಕಿರಿದ. ಅವನು ಅವಳ ಕ್ಲಾಸಿನವನೇ.

"ನಿಮ್ಮಪ್ಪ ರಿಪೇರಿ ಮಾಡಿದ್ದು ಇದೇ ಏನಬೇ? ನಮ್ಮನಿ ನೀರಿನ ತೂತು ಹರವಿನೂ ಹಿಂಗೇ ಸೋರತದ!"

ಹುಲಗೆಮ್ಮನ ಮೈಯೆಲ್ಲ ಉರಿಯಿತು. "ಹೋಗಲೇ, ನಿನ್ನ ಎಮ್ಮಿ ನೋಡ್ಕೋ ಹೋಗು!"

ಅವನು ಹೋದ. ಹನಿ ಮಾತ್ರ ಹೋಗಲಿಲ್ಲ. ನಟ್ಟು ತಿರುವುವ ಅಪ್ಪನ ಪಾನಾ ಚೀಲದ ಮೇಲೆಯೇ ಇತ್ತು. ಒಂದೇ ಸುತ್ತು ಎಂದುಕೊಂಡು ಎರಡೂ ನಟ್ಟು ತಿರುವಿದಳು. ಹನಿ ಕಡಿಮೆಯಾಯಿತು. ಇನ್ನೊಂದು ಸುತ್ತು ಬಿಗಿದಳು. ಹನಿ ನಿಂತೇಬಿಟ್ಟಿತು! ಕನಕರಾಯನನ್ನು ಕೂಗಿ ತೋರಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ನಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಇಂಜಿನ್ನಿನಿಂದ ಪಂಪಿಗೆ ಹಾಕಿದ್ದ ಬೆಲ್ಟು ಕಿರ್ರೋ ಎಂದು ಕಿರುಚತೊಡಗಿತು.

"ಯಪ್ಪಾ!"

ಅಪ್ಪ ಓಡಿಬಂದು ಇಂಜಿನ್ ನಿಲ್ಲಿಸಿದ. ಹಿಂದೆಯೇ ಏದುಸಿರು ಬಿಡುತ್ತ ವಿರೂಪಣ್ಣನೂ ಬಂದ.

"ಏನ್ ಮೇಸ್ತ್ರಿ! ಮುಂಜಾನಿ ಸುತ್ತಿದ ಹಗ್ಗ ಮಧ್ಯಾಹ್ನಕ್ಕೇ ಸುಟ್ಟು ಹೋತಲ್ಲ? ನಿನ್ನ ನಂಬಿದ್ರ ನನ್ನ ಸಸಿ ಒಣಗಿ ಹೋಗ್ತದ. ದೇವದುರ್ಗದಿಂದ ಬ್ಯಾರೆ ಮೇಸ್ತ್ರಿ ಕರಸ್ತೀನಿ."

ಅಪ್ಪ ನಟ್ಟು ಮುಟ್ಟಿ ನೋಡಿ ತಲೆ ಕೆರೆದುಕೊಂಡ. "ಬಿಗಿ ಜಾಸ್ತಿ ಆಗೇದರೀ. ಹನಿ ಬೀಳ್ತಿದ್ರೇ ಹಗ್ಗ ತಂಪಿರತದ. ಹನಿ ಬೀಳೋ ಹಂಗ ಬಿಟ್ಟೇ ಹೋಗಿದ್ದೆ ಅನಸ್ತದ... ನನ್ನ ಕೈಯಾಗೇ ತಪ್ಪಾಗಿರಬೇಕ್ರಿ."

ಅಪ್ಪ ಯಾರ ಮುಂದೆಯೂ ಹೀಗೆ ತಲೆ ತಗ್ಗಿಸಿದ್ದನ್ನು ಹುಲಗೆಮ್ಮ ನೋಡಿರಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಮೈಭಾರ ಹಾಕಿದಳು. ಲಂಗದ ಅಂಚು ಹಿಂಡಿದಳು. ಅಪ್ಪನ ಹೊಡೆತ ನೆನಪಾಯಿತು. ಆದರೂ ತಡೆಯಲಾಗಲಿಲ್ಲ.

"ಅಪ್ಪ ಸರಿ ಮಾಡಿದ್ದನ್ರೀ ಸಾವ್ಕಾರ್ರೇ! ನಾನೇ ತಿರುವೀನಿ. ಎರಡು ಸುತ್ತು."

ವಿರೂಪಣ್ಣ ಅವಳನ್ನು ನೋಡಿದ, ಪರಮಣ್ಣನನ್ನು ನೋಡಿದ. "ಹಗ್ಗ ಇನ್ನಾ ಐತೇನು ಮೇಸ್ತ್ರಿ?" ಎಂದು ಮೆಲ್ಲಗೆ ಕೇಳಿದ.

"ಒಂದು ತುಂಡು ಅದರೀ."

"ಹಂಗಾದ್ರ ಸುತ್ತು." ಅಷ್ಟು ಹೇಳಿ ಮರದ ನೆರಳಿಗೆ ಹೋಗಿ ಕೂತ.

ಅಪ್ಪ ಅವಳ ಕಡೆ ತಿರುಗಿದ. ಹುಲಗೆಮ್ಮ ಕಣ್ಣು ಮುಚ್ಚಿಕೊಂಡಳು.

"ಇಂಜಿನ್ ಚಾಲೂ ಇದ್ದಾಗ ತಿರುವಿದ್ಯಾ?"

"ಹ್ಞೂಂ."

ಏಟು ಬೀಳಲಿಲ್ಲ. ಅಪ್ಪ ಅವಳ ಎರಡೂ ಕೈ ಹಿಡಿದೆಳೆದು, ತಿರುವಿ ಮುರುವಿ, ಒಂದೊಂದೇ ಬೆರಳು ಒತ್ತಿ ನೋಡಿದ. ಹತ್ತೂ ಬೆರಳು ನೋಡಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಹುಲಗೆಮ್ಮ ಕಣ್ಣು ತೆರೆದಳು. ಅಪ್ಪನೇ ಬಿಡುವವರೆಗೆ ಕೈ ಎಳೆದುಕೊಳ್ಳಲಿಲ್ಲ.