ಕೊಳವೆಯೊಳಗಿನ ಪುಟ್ಟ ತಲೆಗಳು

"ಅಲುಗಾಡಬೇಡಿ."

ಹಿಂದಿನಿಂದ ಬಂದ ದನಿಗೆ ಅವಳು ಕಲ್ಲಾಗಿ ನಿಂತಳು. ಅಂಗೈಯಲ್ಲಿ ಅಳಿಲಿನ ತಲೆಬುರುಡೆ. ಅದರ ಹಲ್ಲಿಗೆ ಅವಳ ದುಪಟ್ಟಾದ ಎಳೆ ಸಿಕ್ಕಿಕೊಂಡಿತ್ತು. ಅವನು ಚಿಮುಟದಿಂದ ಮೆಲ್ಲಗೆ ಬಿಡಿಸಿದ.

"ಈಗ ಉಸಿರಾಡಿ."

ಅವಳು ಉಸಿರಾಡಿದಳು... ಆದರೆ ಎದೆ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಅವನು ಪ್ರಾಣಿಗಳ ಎಲುಬು ಕೂಡಿಟ್ಟ ಸಂಗ್ರಹಾಲಯದಲ್ಲಿ ಎಕ್ಸ್-ರೇ ಸ್ಕ್ಯಾನರ್ ನೋಡಿಕೊಳ್ಳುವವನು, ಅವಳು ಹೊಸದಾಗಿ ಬಂದ ಸಂಶೋಧಕಿ. ಮರ ಹತ್ತುವ ಅಳಿಲು, ಬಯಲಲ್ಲಿ ಓಡುವ ಇಲಿ, ನೆಲ ತೋಡಿ ಬದುಕುವ ಇಲಿ... ಓಡಾಡುವ ರೀತಿಯಿಂದ ಇವುಗಳ ಮಿದುಳು ಯುಗಯುಗಗಳಲ್ಲಿ ಹೇಗೆ ಬದಲಾಯಿತು ಎಂಬುದು ಅವಳ ಪ್ರಶ್ನೆ. ಮಿದುಳು ಉಳಿಯುವುದಿಲ್ಲ, ಅದು ಕೂತಿದ್ದ ಜಾಗ ಉಳಿಯುತ್ತದೆ. ಬುರುಡೆಗಳನ್ನು ಹತ್ತಿಯ ನಡುವೆ ಒಂದರ ಮೇಲೊಂದು ಕೊಳವೆಯಲ್ಲಿಟ್ಟು, ಒಟ್ಟಿಗೆ ಸ್ಕ್ಯಾನ್ ಮಾಡಿ, ಒಳಗಿನ ಆ ಟೊಳ್ಳನ್ನು ಪರದೆಯ ಮೇಲೆ ನೋಡುತ್ತಿದ್ದರು.

ಮಿದುಳಿನ ಹಿಂಬದಿಯಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ದೇಹ ಅಲುಗಿದರೂ ನೋಟ ಅಲುಗದಂತೆ ಹಿಡಿಯಲು ನೆರವಾಗುವ ಭಾಗ ಅದು. ಅವರು ನೋಡಿದ ಬುರುಡೆಗಳಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುವವಕ್ಕೆ ಅದು ದೊಡ್ಡದು, ಬಿಲದ ಕತ್ತಲೆಯವಕ್ಕೆ ಚಿಕ್ಕದು.

ಕೆಲಸದಲ್ಲಿ ಮುಳುಗಿ ಅವಳು ಮರೆತ ಚಹಾದ ಮೇಲೆ ಅವನು ಸದ್ದಿಲ್ಲದೆ ತಟ್ಟೆ ಮುಚ್ಚಿಡುತ್ತಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ.

ಒಂದು ದಿನ ಪರದೆಯಲ್ಲಿ ಅಚ್ಚರಿ ಕಂಡಿತು. ಬಿಲ ತೋಡುವ ಇಲಿಯೊಂದಕ್ಕೆ ಅಳಿಲಿನಂಥ ದೊಡ್ಡ ಉಬ್ಬು! ಅವಳ ಮಾರ್ಗದರ್ಶಕಿ ಮೇಡಂ ಹಿಗ್ಗಿ, ವಿದ್ವಾಂಸರ ಸಭೆಯಲ್ಲಿ ಅವಳ ಭಾಷಣ ಏರ್ಪಡಿಸಿದರು. ಭಾಷಣದ ಹಿಂದಿನ ದಿನ ಅದು ರದ್ದಾಯಿತು. ಅವನೇ ಮೇಡಂ ಬಳಿ ಹೋಗಿ ನಿಲ್ಲಿಸಿ ಎಂದಿದ್ದನಂತೆ.

ನನಗೊಂದು ಮಾತು ಹೇಳಬಾರದಿತ್ತೇ... ನನ್ನ ಏಳಿಗೆ ಅವನಿಗೆ ಅಷ್ಟು ಚುಚ್ಚಿತೇ?

ಅವಳು ಅವನೊಡನೆ ಮಾತು ಬಿಟ್ಟಳು. ಮನೆಯಲ್ಲಿ ಊಟ ಬಿಟ್ಟು ಕೂತವಳನ್ನು ಅತ್ತಿಗೆ ಕೆಣಕಿದಳು: "ಸತ್ತ ಇಲಿಗೆ ಯಾರೂ ಇಷ್ಟು ಅಳಲ್ಲ ಕಣೇ. ಯಾರವನು?"

ಮರುವಾರ ಮೇಡಂ ಕರೆಸಿದರು. ಮತ್ತೆ ಸ್ಕ್ಯಾನ್ ಮಾಡಿದಾಗ ತಿಳಿದದ್ದು ಇಷ್ಟು: ಅಂದು ಕೊಳವೆಯನ್ನು ಯಂತ್ರದಲ್ಲಿ ತಲೆಕೆಳಗಾಗಿ ಇಟ್ಟಿದ್ದರು. ಹೆಸರಿನ ಪಟ್ಟಿ ಮೊದಲಿನಂತೆಯೇ ಇದ್ದು, ಬುರುಡೆಗಳು ಮಾತ್ರ ಮೇಲೆಕೆಳಗಾಗಿ, ಅಳಿಲಿನ ಬುರುಡೆಗೆ ಇಲಿಯ ಹೆಸರು ಬಿದ್ದಿತ್ತು.

"ತಾನೇ ಇಟ್ಟಿದ್ದು ಅಂತ ಒಪ್ಕೊಂಡಿದ್ದಾನೆ. ಅವನನ್ನ ಯಂತ್ರದ ಕೆಲಸದಿಂದ ತೆಗೀಬೇಕಾಗುತ್ತೆ," ಎಂದರು.

ಆ ಸ್ಕ್ಯಾನ್ ಮಾಡಿದ ದಿನ ಅವನು ರಜೆಯಲ್ಲಿದ್ದದ್ದು ಅವಳಿಗೆ ನೆನಪಾಯಿತು. ತಾಯಿಗೆ ಹುಷಾರಿಲ್ಲವೆಂದು ಆಸ್ಪತ್ರೆಯಲ್ಲಿದ್ದ. ಅವಸರಪಟ್ಟು ಕೊಳವೆ ಇಟ್ಟವಳು...

"ಮೇಡಂ, ಇಟ್ಟಿದ್ದು ನಾನು."

ಮೇಡಂ ಕನ್ನಡಕ ತೆಗೆದರು. ಇಬ್ಬರೂ ಸೇರಿ ಎಲ್ಲವನ್ನೂ ಮೊದಲಿನಿಂದ ಮಾಡಿ ಎಂದಷ್ಟೇ ಹೇಳಿದರು. ಆ ಸಣ್ಣ ಕರುಣೆಗೆ ಅವಳ ಕಣ್ಣು ತುಂಬಿತು.

ಅವಳು ಸ್ಕ್ಯಾನರ್ ಕೋಣೆಗೆ ಹೋದಾಗ ಅವನು ಡಬ್ಬಿಗಳಿಗೆ ಹತ್ತಿ ತುಂಬುತ್ತಿದ್ದ.

"ನನ್ನ ತಪ್ಪನ್ನ ನೀವ್ಯಾಕೆ ಹೊತ್ತುಕೊಂಡ್ರಿ?"

"ಚಿತ್ರದಲ್ಲಿ ಹಲ್ಲು ನೋಡಿದಾಗ್ಲೇ ಅದು ಇಲಿಯದ್ದಲ್ಲ ಅಂತ ಗೊತ್ತಾಯ್ತು. ಆದ್ರೆ ನೀವು ಅಷ್ಟು ಖುಷಿಯಾಗಿದ್ರಿ... ನಿಮ್ಮ ಮುಖ ನೋಡಿ ಹೇಳೋ ಧೈರ್ಯ ಬರ್ಲಿಲ್ಲ. ಹೇಳ್ಬೇಕಿತ್ತು. ಅದು ನನ್ನ ತಪ್ಪು."

"ನಾನು ಏನೇನೋ ಅಂದ್ಕೊಂಡೆ. ಕ್ಷಮಿಸಿ. ಮತ್ತೆ... ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಮತ್ತೆ ಮಾತಾಡ್ಸಿದ್ರಲ್ಲ, ಸಾಕು."

"ನನಗೆ ಸಾಲದು," ಎಂದಳು ಮೆಲ್ಲಗೆ. "ಇನ್ಮುಂದೆ ನನ್ನ ತಪ್ಪನ್ನ ನೀವು ಹೊರಬೇಡಿ, ನನಗೇ ಹೇಳಿ. ಬದುಕಿರೋವರೆಗೂ ಹೇಳ್ತಾ ಇರಿ."

ಅವನ ಕೈಯಿಂದ ಹತ್ತಿ ಜಾರಿತು.

"ದಿನಾ ಹೇಳಿದ್ರೆ ಜಗಳ ಆಗುತ್ತಲ್ಲ?"

"ಆಗ್ಲಿ. ನಮ್ಮ ಮನೆಯೊಳಗೇ ತಾನೆ."