ಎರಡು ಲಿವರಿನ ಯಂತ್ರ

"ಇಳಿಸ್ಬೇಡ. ಹಾಗೇ ತಿರುಗಿಸ್ಕೊಂಡು ಹೋಗು."

ಲೆಂಪಿ ಬಲಗೈಯಲ್ಲಿ ಕೊಡಲಿ ಹಿಡಿದು ಅಂಗಳದ ನಡುವೆ ನಿಂತಿದ್ದಳು. ಗೇಟಿನ ಹತ್ತಿರ ಹಳೆಯ ಪಿಕಪ್. ಅದರ ಹಿಂದೆ ಟ್ರೈಲರು, ಟ್ರೈಲರಿನ ಮೇಲೆ ಟಾರ್ಪಾಲು ಹೊದ್ದ ಏನೋ ಒಂದು ದೊಡ್ಡ ವಸ್ತು. ಆದರೆ ಅವಳ ಕಣ್ಣಿದ್ದದ್ದು ಪಿಕಪ್ಪಿನಿಂದ ಇಳಿದವನ ಮೇಲೆ.

ಆಲ್ವಾರ್... ಮೂರು ಚಳಿಗಾಲದ ಹಿಂದೆ ಒಂದು ಮಾತೂ ಹೇಳದೆ ಊರು ಬಿಟ್ಟವನು.

'ಅಯ್ಯೋ, ಇವನ ಗಡ್ಡಕ್ಕೆ ಆಗಲೇ ನರೆ ಬಂತಲ್ಲ...' ಅವಳ ಮನಸ್ಸು ಮೊದಲು ಅಂದದ್ದು ಇದನ್ನೇ. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಿನ್ನ ನೋಡೋಕೆ ಬಂದಿಲ್ಲ," ಅಂದ ಅವನು ನೆಲ ನೋಡುತ್ತಾ. "ಇದನ್ನ ಕೊಟ್ಟು ಹೋಗೋಣ ಅಂತ ಬಂದೆ."

ಸುಳ್ಳು. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಈ ಊರಿನ ಗಂಡಸರಿಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿಜ ಹೇಳಲೂ ಬಾಯಿಲ್ಲ. ಗಣಿ ಕೆಲಸಕ್ಕೆಂದು ಫಿನ್ಲೆಂಡಿನಿಂದ ಬಂದ ಇವರ ತಾತಂದಿರು ಬಿಟ್ಟುಹೋದ ಆಸ್ತಿ ಎರಡೇ, ಮನೆಗೊಂದು ಸೌನಾ ಎಂಬ ಹಬೆಸ್ನಾನದ ಕೋಣೆ ಮತ್ತು ಹೊಲಿದ ಬಾಯಿ. ಇಷ್ಟು ವರ್ಷ ಇವರ ನಡುವೆ ಬದುಕಿದ ನಾನು ಹೇಳುತ್ತೇನೆ ಕೇಳಿ, ಇವರ ಬಾಯಿಂದ ಒಂದು ಪ್ರೀತಿಯ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದಂತೆ.

ಲೆಂಪಿ ಎಡಗೈಯನ್ನು ಕೋಟಿನ ಜೇಬಿಗೆ ತುರುಕಿದಳು. ಆ ಕೈಯಲ್ಲಿ ಕಿರುಬೆರಳಿಲ್ಲ. ಉಂಗುರದ ಬೆರಳೂ ಇಲ್ಲ.

ಅವತ್ತು ಸೌದೆ ಸೀಳುವ ಹಳೆಯ ಯಂತ್ರಕ್ಕೆ ಅವಳು ತುಂಡು ಇಡುತ್ತಿದ್ದಳು, ಅವನು ಲಿವರ್ ಎಳೆಯುತ್ತಿದ್ದ. ಬೆಳಿಗ್ಗೆಯೇ ಇಬ್ಬರಿಗೂ ಜಗಳವಾಗಿತ್ತು. ಡುಲುತ್ ಬಂದರಿನಲ್ಲಿ ಹಡಗಿಗೆ ವೆಲ್ಡಿಂಗ್ ಮಾಡುವ ಕೆಲಸ ಸಿಕ್ಕಿದೆ, ಹೋಗುತ್ತೇನೆ ಎಂದ ಅವನು. ಹೋಗಕೂಡದು ಎಂದಳು ಅವಳು. ಮಧ್ಯಾಹ್ನ ಒಂದು ತುಂಡು ಓರೆಯಾಯಿತು. ಸರಿಮಾಡಲು ಕೈ ಹಾಕಿದ ಲೆಂಪಿ, ಬೇಡ ಎಂದು ಕೂಗಿದಳು. ಅವನು ಎಳೆದುಬಿಟ್ಟ.

ಬೇಡ ಎಂದರೂ ಎಳೆದ. ಆಸ್ಪತ್ರೆಗೆ ಬಂದು ಮುಖ ತೋರಿಸದೆ ಡುಲುತ್ ಸೇರಿದ. ಮೊದಲು ಬೆರಳು ತೆಗೆದ, ಆಮೇಲೆ ಕೈ ಕೊಟ್ಟ ಎಂದು ಊರೆಲ್ಲ ಆಡಿಕೊಂಡಿತು. ಲೆಂಪಿ ಮಾತ್ರ ಏನೂ ಆಡಲಿಲ್ಲ. ಇನ್ನೊಬ್ಬರು ಲಿವರ್ ಹಿಡಿದ ಯಂತ್ರದ ಹತ್ತಿರ ಅವಳು ಮತ್ತೆ ಸುಳಿಯಲೂ ಇಲ್ಲ.

"ಇಳಿಸೋ ಮಾರಾಯ, ಮೊದಲು ಇಳಿಸು," ಅನ್ನುತ್ತಾ ಅಣ್ಣ ಒನ್ನಿ ಬೆನ್ನು ಹಿಡಿದುಕೊಂಡು ಹೊರಗೆ ಬಂದ.

"ಅಣ್ಣಾ..."

"ಏನು ಅಣ್ಣಾ? ಜಿಂಕೆ ಬೇಟೆ ಶುರುವಾಗೋದ್ರೊಳಗೆ ಊರಿಗೆಲ್ಲ ಸೌದೆ ಹಾಕ್ತೀನಿ ಅಂತ ಮಾತು ಕೊಟ್ಟಿದ್ದು ಯಾರು? ಆ ದುಡ್ಡು ಬರ್ಲಿಲ್ಲ ಅಂದ್ರೆ ಸಾಲಕ್ಕೆ ಅಪ್ಪನ ಕಾಡು ಮಾರಿಬಿಡೋಣ ಅಂತ ಒಪ್ಕೊಂಡಿದ್ದು ಯಾರು? ಕೊಡಲೀಲಿ ಕಡಿದು ಮುಗಿಸ್ತೀಯಾ? ಇನ್ನು ಉಳಿದಿರೋದೇ ಮೂರು ವಾರ."

ಲೆಂಪಿ ತಿರುಗಿ ನೋಡಿದಳು. ಹಿತ್ತಲಿನಾಚೆ ಅಪ್ಪನ ಮೇಪಲ್ ಕಾಡು ಕೆಂಪಾಗಿ ನಿಂತಿತ್ತು. ಈ ಜನ್ಮದಲ್ಲಿ ತನ್ನದು ಅಂತ ಅವಳಿಗೆ ಉಳಿದಿದ್ದದ್ದು ಅದೊಂದೇ.

"ಯಂತ್ರ ಇರ್ಲಿ," ಅಂದಳು ಕೊನೆಗೆ. "ಅವನು ಹೋಗ್ಲಿ."

ಟಾರ್ಪಾಲು ಸರಿಯಿತು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಹಳೆ ಲಾರಿಯ ಅಚ್ಚು, ಹುಲ್ಲು ಕಟ್ಟುವ ಯಂತ್ರದ ಎಂಜಿನ್, ಆಲೂಗಡ್ಡೆ ಕೀಳುವ ಯಂತ್ರದಿಂದ ಬಿಚ್ಚಿದ ಸರಪಳಿ ಪಟ್ಟಿ. ದಿಮ್ಮಿಯನ್ನು ಒಂದು ತುದಿಗೆ ಉರುಳಿಸಿದರೆ ಸಾಕು, ಅದೇ ಎಳೆದುಕೊಂಡು ಹೋಗಿ ಗರಗಸದ ಕೆಳಗಿಡುತ್ತದೆ. ಕೊಯ್ದ ತುಂಡು ತೊಟ್ಟಿಗೆ ಬೀಳುತ್ತದೆ, ಉಕ್ಕಿನ ದಂಡವೊಂದು ಅದನ್ನು ಅಲಗಿಗೆ ಒತ್ತುತ್ತದೆ. ನಾಲ್ಕು ಹೋಳಾಗಿ ಪಟ್ಟಿಯೇರಿ ಲಾರಿಯೊಳಗೆ ಹೋಗಿ ಬೀಳುತ್ತದೆ. ಎಲ್ಲೂ ಮನುಷ್ಯರ ಕೈ ತಾಗಬೇಕಾಗಿಲ್ಲ.

"ನೀನೇ ಮಾಡಿದ್ದಾ?" ಎಂದು ಒನ್ನಿ ಕೇಳಿದ.

"ರಜಾ ದಿನಗಳಲ್ಲಿ."

ಲೆಂಪಿ ಯಂತ್ರದ ಸುತ್ತ ಒಂದು ಸುತ್ತು ಹಾಕಿ ನಿಂತುಬಿಟ್ಟಳು. ದಂಡವನ್ನು ನಡೆಸಲು ಎರಡು ಲಿವರ್ ಇದ್ದವು. ಒಂದು ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ. ತೋಳು ಎಷ್ಟು ಚಾಚಿದರೂ ಎರಡೂ ಒಬ್ಬರಿಗೆ ಎಟುಕುವಂತಿರಲಿಲ್ಲ.

"ಎರಡೂ ಒಟ್ಟಿಗೆ ಹಿಡಿದ್ರೆ ಮಾತ್ರ ದಂಡ ನಡೆಯುತ್ತೆ," ಅಂದ ಆಲ್ವಾರ್. "ಯಾರೊಬ್ಬರು ಬಿಟ್ರೂ ಅಲ್ಲೇ ನಿಲ್ಲುತ್ತೆ."

"ಅಂದ್ರೆ ನನ್ನೊಬ್ಬಳ ಕೈಲಿ ಆಗಲ್ಲ."

"ಆಗಲ್ಲ."

"ಬೇಕಂತಲೇ ಹೀಗೆ ಮಾಡಿದೀಯ."

"ಹೂಂ. ಬೇಕಂತಲೇ."

"ಯಾಕೆ?"

ಅವನು ಬಾಯಿ ತೆರೆದ, ಮುಚ್ಚಿದ. ಹೇಳಿದೆನಲ್ಲ, ಹೊಲಿದ ಬಾಯಿ.

'ಇಲ್ಲೇ ಠಿಕಾಣಿ ಹೂಡೋಕೆ ಆಟ ಕಟ್ಟಿದಾನೆ. ಬೆರಳು ತೆಗೆದದ್ದು ಸಾಲದು ಅಂತ...' ಲೆಂಪಿ ಲಿವರಿನ ಕಡೆ ಕೊಡಲಿ ತೋರಿಸಿದಳು. "ಎರಡನ್ನೂ ಒಂದೇ ಕಡೆ ತಂದು ಕೊಡು. ನಾನೊಬ್ಬಳೇ ನಡೆಸ್ತೀನಿ."

"ಅದಕ್ಕೆ ಬೇರೆ ಎಣ್ಣೆ ಪೈಪು ಬೇಕು, ತರಿಸ್ತೀನಿ. ಬಂದ ತಕ್ಷಣ ವೆಲ್ಡ್ ಮಾಡಿ ಕೊಟ್ಟು ಹೋಗ್ತೀನಿ. ಅಲ್ಲೀತನಕ ಇಬ್ಬರು ಬೇಕು."

ಅವಳು ಅಣ್ಣನ ಕಡೆ ನೋಡಿದಳು.

"ನನ್ನ ನೋಡ್ಬೇಡ ತಾಯಿ. ಅರ್ಧ ಗಂಟೆ ನಿಂತ್ರೆ ಸೌನಾ ಹಲಗೆ ಮೇಲೆ ಎತ್ತಿ ಮಲಗಿಸ್ಬೇಕಾಗುತ್ತೆ ನನ್ನ."

ಬೇರೆ ದಾರಿಯೇ ಇರಲಿಲ್ಲ. "ಕೆಲಸದಲ್ಲಿ ಮಾತು ಆಡಕೂಡದು," ಅಂದಳು. "ನಾನು ತಲೆ ಆಡಿಸಿದ್ರೆ ಹಿಡೀಬೇಕು. ಕಾಫಿಗೆ ಅಂತ ಮನೆಯೊಳಗೆ ಕಾಲಿಡಕೂಡದು."

"ಸರಿ."

"ನೋ ನೀನ್," ಅಂದ ಒನ್ನಿ, ಕೈ ಉಜ್ಜಿಕೊಂಡು.

ನಮ್ಮ ಕನ್ನಡದ ಕಿವಿಗೆ ಇದು ಯಾರನ್ನೋ ಬೈದ ಹಾಗೆ ಕೇಳುತ್ತದೆ. ಆದರೆ ಇವರ ತಾತಂದಿರ ಭಾಷೆಯಲ್ಲಿ 'ಸರಿ, ಆಯ್ತು, ಇನ್ನು ನಡಿ' ಎಂದರ್ಥ. ಊಟಕ್ಕೆ ಕೂರುವಾಗ, ಸೌನಾಗೆ ನೀರು ಸುರಿಯುವಾಗ, ಕೊನೆಗೆ ಹೆಣ ಎತ್ತುವಾಗಲೂ ಇದೇ ಮಾತು. ಸೋಮಾರಿ ನಾಲಿಗೆಯವರು ಎರಡನೆಯದನ್ನು ನುಂಗಿ ಬರೀ 'ನೋ' ಅನ್ನುತ್ತಾರೆ.

ಕೆಲಸ ಶುರುವಾಯಿತು.

ಮೊದಲ ದಿನ ಎಂಜಿನ್ ಗುಡುಗಿದಾಗೆಲ್ಲ ಲೆಂಪಿಯ ಇಲ್ಲದ ಬೆರಳುಗಳು ನೋಯುತ್ತಿದ್ದವು. ಅವಳು ತಲೆ ಆಡಿಸುವಳು, ಅವನು ಹಿಡಿಯುವನು. ಅವಳು ಬಿಟ್ಟರೆ ಅವನೂ ಬಿಡುವನು. ಕಾಫಿ ಹೊತ್ತಿಗೆ ಅವನು ಪಿಕಪ್ಪಿನಲ್ಲಿ ಕುಳಿತು ಫ್ಲಾಸ್ಕಿನಿಂದ ಕುಡಿಯುತ್ತಿದ್ದ, ಒಬ್ಬನೇ.

ಎರಡನೆಯ ವಾರ ಅಣ್ಣನ ಕೈಯಲ್ಲಿ ಏಲಕ್ಕಿ ಬ್ರೆಡ್ಡಿನ ಎರಡು ಹೋಳು ಪಿಕಪ್ಪಿಗೆ ಹೋದವು.

"ಒಣಗಿ ಹೋಗುತ್ತೆ ಅಂತ ಕೊಟ್ಟೆ," ಅಂದಳು ಲೆಂಪಿ.

"ನಾನು ಕೇಳಿದ್ನಾ?" ಅಂದ ಒನ್ನಿ. "ಬೆಳಿಗ್ಗೆ ತಾನೇ ಸುಟ್ಟಿದ್ದು, ಎಷ್ಟು ಬೇಗ ಒಣಗುತ್ತೆ ಪಾಪ."

ಲಾರಿಗಳು ತುಂಬಿ ಹೋಗುತ್ತಿದ್ದವು. ಇನ್ನು ಕೆಲವೇ ಮನೆಗಳು ಬಾಕಿ ಎನ್ನುವಾಗ ಆ ಮೇಪಲ್ ತುಂಡು ಬಂತು. ಮೈತುಂಬ ಗಂಟು. ಅಲಗಿಗೆ ಅಡ್ಡ ಬಿದ್ದು ಸಿಕ್ಕಿಕೊಂಡಿತು. ದಂಡವನ್ನು ಹಿಂದಕ್ಕೆ ತಂದರೆ ತಾನೇ ಬಿಡಿಸಿಕೊಳ್ಳುತ್ತಿತ್ತೋ ಏನೋ. ಆದರೆ ಹಳೆಯ ಅಭ್ಯಾಸ ಎಲ್ಲಿ ಹೋಗುತ್ತದೆ... ಲೆಂಪಿ ಲಿವರ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ತೊಟ್ಟಿಯೊಳಗೆ ಕೈ ಹಾಕಿದಳು. ಎಡಗೈ.

ತೊಗಟೆ ಬೆರಳಿಗೆ ತಾಗಿದಾಗ ಅವಳಿಗೆ ಎಚ್ಚರವಾಯಿತು. ಎಂಜಿನ್ ಗುಡುಗುತ್ತಿದೆ. ಆ ತುದಿಯಲ್ಲಿ ಆಲ್ವಾರ್ ನಿಂತಿದ್ದಾನೆ. ಅದೇ ಜಾಗ, ಅದೇ ಮನುಷ್ಯ, ಅದೇ ಕೈ.

"ನೋ!" ಅವಳ ಗಂಟಲು ಹರಿಯುವಂಥ ಕೂಗು.

ಏನೂ ಆಗಲಿಲ್ಲ. ಅವಳು ಕೈ ಎಳೆದುಕೊಂಡು ತಲೆ ಎತ್ತಿದಳು. ಆಲ್ವಾರ್ ಎರಡೂ ಕೈ ತಲೆಯ ಮೇಲೆತ್ತಿ ನಿಂತಿದ್ದ. ಮುಖ ಸುಣ್ಣದಂತಾಗಿತ್ತು. ಅವಳು ಲಿವರ್ ಬಿಟ್ಟ ಗಳಿಗೆಯಲ್ಲೇ ಅವನೂ ಬಿಟ್ಟಿದ್ದ. ಹೋಗಿ ಎಂಜಿನ್ ನಿಲ್ಲಿಸಿ, ಅಲ್ಲೇ ಒಂದು ದಿಮ್ಮಿಯ ಮೇಲೆ ಕುಸಿದು ಕುಳಿತ.

"ಈ ಸಲ ಸರಿಯಾಗಿ ಕೇಳಿಸ್ತು," ಅಂದ.

"ಏನು?"

"ಅವತ್ತೂ ನೀನು 'ನೋ' ಅಂದೆ ಲೆಂಪಿ."

"ಹೌದು. ಬೇಡ ಅಂತ ಇಂಗ್ಲಿಷಲ್ಲಿ ಕೂಗಿದೆ. ಆದ್ರೂ ಎಳೆದೆಯಲ್ಲ."

"ಬೆಳಿಗ್ಗೆಯಿಂದ ಒಂದೊಂದು ತುಂಡಿಗೂ ನೀನು ಏನಂತಿದ್ದೆ, ನೆನಪಿದೆಯಾ? ತುಂಡು ಇಡೋದು, ನೋ ನೀನ್ ಅನ್ನೋದು. ನಾನು ಎಳೆಯೋದು. ನಿಮ್ಮಜ್ಜಿ ಥರಾನೇ. ಎಂಜಿನ್ ಸದ್ದಲ್ಲಿ ನನಗೆ ಅದೇ ಕೇಳಿಸ್ತು. ನಡಿ ಅಂತಿದೀಯ ಅಂದ್ಕೊಂಡು ಎಳೆದೆ."

ಲೆಂಪಿ ತೊಟ್ಟಿಯ ಅಂಚು ಹಿಡಿದುಕೊಂಡಳು. "ಸಿಟ್ಟಲ್ಲಿ ಎಳೆದೆ ಅಂದ್ಕೊಂಡಿದ್ದೆ... ಇಷ್ಟು ವರ್ಷ."

"ಸಿಟ್ಟಿತ್ತು. ಆದ್ರೆ ಆ ಬೆರಳಿಗೆ ಅಂತ ತಂದ ಉಂಗುರ ನನ್ನ ಜೇಬಲ್ಲಿತ್ತು ಕಣೇ. ಸಂಜೆ ಸಮಾಧಾನ ಮಾಡಿ ಕೊಡೋಣ ಅಂತಿದ್ದೆ."

ಗಾಳಿಗೆ ಎಲೆ ಉದುರಿದವು. ಅವಳು ಕೇಳಿದಳು. "ಮತ್ತೆ ಆಸ್ಪತ್ರೆಗೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ."

"ಸುಳ್ಳು."

"ಬಾಗಿಲ ಹೊರಗೆ ನಿಂತಿದ್ದೆ. ಆಲ್ವಾರ್ ಅನ್ನೋರು ಬಂದಿದಾರೆ, ಒಳಗೆ ಕಳಿಸ್ಲಾ ಅಂತ ನರ್ಸ್ ನಿನ್ನ ಕೇಳಿದ್ಳು. ನೀನು 'ನೋ' ಅಂದೆ. ಇಂಗ್ಲಿಷಲ್ಲಿ ಕೇಳಿದವಳಿಗೆ ಇಂಗ್ಲಿಷಲ್ಲೇ ಹೇಳಿರ್ತೀಯ, ಬೇಡ ಅಂದಿರ್ತೀಯ ಅಂದ್ಕೊಂಡೆ. ಒಂದ್ಸಲ ತಪ್ಪು ಕೇಳಿಸ್ಕೊಂಡು ನಿನ್ನ ಬೆರಳು ತೆಗ್ದಿದ್ದೆ. ಇನ್ನೊಂದ್ಸಲ ನೀನು ಬೇಡ ಅಂದಿದ್ದನ್ನ ಮೀರಬಾರ್ದು ಅಂತ ಹೊರಟುಹೋದೆ."

ಲೆಂಪಿ ಕಣ್ಣು ಮುಚ್ಚಿದಳು. ಔಷಧದ ಮಂಪರು, ಬಿಳಿ ಗೋಡೆ, ಯಾರೋ ಅವನ ಹೆಸರು ಹೇಳಿದ್ದು... ಆ ಹೆಸರು ಕೇಳಿ ಎದೆ ಹಗುರಾದದ್ದು ಅವಳಿಗೆ ಈಗಲೂ ನೆನಪಿತ್ತು.

"ನೋ ನೀನ್ ಅನ್ನೋಕೆ ಹೊರಟಿದ್ದೆ," ಅಂದಳು. "ಸರಿ, ಬರ್ಲಿ ಅಂತ. ಪೂರ್ತಿ ಅನ್ನೋದ್ರೊಳಗೆ ಮಂಪರು ಬಂತು. ಎಚ್ಚರ ಆದಾಗ ನೀನಿರ್ಲಿಲ್ಲ ಆಲ್ವಾರ್. ದಿನಾ ಬಾಗಿಲು ನೋಡ್ತಾ ಮಲಗಿದ್ದೆ."

ಅವಳು ಅವನ ಮುಂದೆ ಬಂದು ನಿಂತಳು.

"ಒಂದ್ಸಲ ಬಾಗಿಲು ತಳ್ಳಿ ಕೇಳ್ಬಾರ್ದಿತ್ತಾ? ಒಂದೇ ಒಂದ್ಸಲ?"

"ಕೇಳ್ಬೇಕಿತ್ತು."

ಅವಳು ತಿರುಗಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತಳು, ಸಿಟ್ಟಿಗೂ ಅತ್ತಳು, ದುಃಖಕ್ಕೂ ಅತ್ತಳು. ಒಂದು ಪುಟ್ಟ ಮಾತಿಗೆ ಬೆರಳೂ ಹೋಗಿತ್ತು, ಪ್ರೀತಿಸಿದವನೂ ಹೋಗಿದ್ದ. ಇದರಲ್ಲಿ ಯಾರನ್ನು ಬೈಯಬೇಕು ಎಂದೇ ಅವಳಿಗೆ ತಿಳಿಯಲಿಲ್ಲ.

ಮರುದಿನ ಮತ್ತೆ ಕೆಲಸ. ಅವಳು ಕ್ಷಮಿಸಿದೆ ಅನ್ನಲಿಲ್ಲ. ಅವನೂ ಕೇಳಲಿಲ್ಲ. ಆದರೆ ಎಂಜಿನ್ ಗುಡುಗಿದರೂ ಅವಳ ಇಲ್ಲದ ಬೆರಳುಗಳು ಈಗ ನೋಯುತ್ತಿರಲಿಲ್ಲ.

ಬೇಟೆ ಶುರುವಾಗುವ ಹಿಂದಿನ ದಿನ ಮೊದಲ ಹಿಮ ಬಿತ್ತು. ಕೊನೆಯ ಲಾರಿ ಗೇಟು ದಾಟಿತು.

"ಕಾಡು ಉಳೀತು," ಅಂದ ಒನ್ನಿ. ತಂಗಿಯ ತಲೆಯ ಮೇಲೆ ಕೈಯಿಟ್ಟು, ಮೂಗು ಒರೆಸಿಕೊಂಡು, ಬಂದೂಕು ಒರೆಸಬೇಕು ಎನ್ನುತ್ತಾ ಒಳಗೆ ನಡೆದ.

ಅಂಗಳದಲ್ಲಿ ಇಬ್ಬರೇ ಉಳಿದರು. ಆಲ್ವಾರ್ ಪಿಕಪ್ಪಿನಿಂದ ಹೊಸ ಪೈಪು, ವೆಲ್ಡಿಂಗ್ ಮುಖವಾಡ ತಂದ. ಆ ತುದಿಯ ಲಿವರಿನ ಮುಂದೆ ಮಂಡಿಯೂರಿ ಕುಳಿತ.

"ಪೈಪು ಬಂತು. ಎರಡನ್ನೂ ಒಂದೇ ಕಡೆ ಕೂರಿಸ್ತೀನಿ. ನಿನ್ನ ಎರಡೂ ಕೈ ಲಿವರ್ ಮೇಲೇ ಇರುತ್ತೆ, ಭಯವಿಲ್ಲ. ಇನ್ಮೇಲೆ ನಿನಗೆ ಯಾರೂ ಬೇಕಾಗಲ್ಲ."

ಲೆಂಪಿ ಆ ಪೈಪನ್ನೇ ನೋಡಿದಳು. ತಾನು ಕೇಳಿದ್ದೂ ಇದನ್ನೇ ಅಲ್ಲವೇ? ಯಾರೂ ಬೇಡ, ಒಬ್ಬಳೇ ಸಾಕು... ಈಗ ಅದೇ ಮಾತು ಅವನ ಬಾಯಲ್ಲಿ ಬಂದಾಗ ಇಷ್ಟು ಚಳಿ ಯಾಕಾಗುತ್ತಿದೆ?

"ಅದ್ಯಾಕೆ ಅಷ್ಟು ದೂರ ಇಟ್ಟೆ ಅಂತ ಅವತ್ತು ಕೇಳಿದ್ದೆ," ಅಂದಳು. "ನೀನು ಹೇಳ್ಲೇ ಇಲ್ಲ."

ಅವನು ಮುಖವಾಡ ಕೆಳಗಿಟ್ಟ.

"ನನ್ನ ಕಿವಿ ಮೇಲೆ ನನಗೆ ನಂಬಿಕೆ ಹೋಯ್ತು ಲೆಂಪಿ. ನೀನು ಹಿಡಿದಿದ್ರೆ ಮಾತ್ರ ನನ್ನ ಕೈಲಿರೋದು ಕೆಲಸ ಮಾಡ್ಬೇಕು. ನೀನು ಬಿಟ್ರೆ ಎಲ್ಲಾ ನಿಲ್ಬೇಕು. ಹಾಗೆ ಒಂದು ಮಾಡ್ಬೇಕು ಅನ್ನಿಸ್ತು. ಅಷ್ಟೇ."

ಅವಳು ನಡೆದು ಬಂದು ಲಿವರಿನ ಮೇಲೆ ಎಡಗೈ ಇಟ್ಟಳು. ಅವನ ಮುಂದೆ ಆ ಕೈಯನ್ನು ಮುಚ್ಚಿಕೊಳ್ಳದೆ ಇಟ್ಟದ್ದು ಇದೇ ಮೊದಲು.

"ಇದು ಇಲ್ಲೇ ಇರ್ಲಿ. ಕೀಳ್ಬೇಡ."

"ಹಾಗಾದ್ರೆ... ದಿನಾ ಇಬ್ಬರು ಬೇಕಾಗುತ್ತೆ."

"ಗೊತ್ತು."

"ಲೆಂಪಿ." ಅವನು ಎದ್ದು ನಿಂತ. ಮೂರು ಚಳಿಗಾಲ ಜೇಬಿನಲ್ಲೇ ಇದ್ದ ಉಂಗುರ ಅವನ ಅಂಗೈಯಲ್ಲಿತ್ತು. "ಇದರ ಬೆರಳನ್ನ ನಾನೇ ಕಳೆದೆ. ಕೇಳೋಕೆ ನನಗೆ ಮುಖ ಇಲ್ಲ. ಆದ್ರೂ ಕೇಳ್ತೀನಿ. ನಿನ್ನ ಕೈ ಹಿಡೀಲಾ?"

ಹಿಮ ಬೀಳುತ್ತಿತ್ತು. ಲೆಂಪಿಗೆ ಅಳು ಬಂತು. ಹೇಳಬೇಕೆಂದದ್ದು ಅರ್ಧ ಮಾತ್ರ ಹೊರಬಂತು.

"ನೋ..."

ಆಲ್ವಾರನ ಮುಖದ ಬಣ್ಣ ಇಳಿಯಿತು. ಅವನ ಕಣ್ಣು ಒಮ್ಮೆ ಪಿಕಪ್ಪಿನ ಕಡೆ ಹೋಗಿ ಬಂತು. ಆದರೆ ಈ ಸಲ ಅವನು ಹೊರಡಲಿಲ್ಲ.

"ಯಾವ ನೋ?" ಎಂದು ಕೇಳಿದ. "ಇಂಗ್ಲಿಷಿನದ್ದಾ, ಅಜ್ಜಿದಾ?"

ಲೆಂಪಿಗೆ ಅಳುವಿನ ನಡುವೆಯೇ ನಗು ಬಂತು. ಅವಳು ಬಲಗೈಯ ಬೆರಳು ಮುಂದೆ ಚಾಚಿದಳು.

"ಅಜ್ಜಿದು ಕಣೋ ಪೆದ್ದ. ನೋ ನೀನ್."

ಉಂಗುರ ತೊಡಿಸುವಾಗ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳೇ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಉಳಿದ ಬೆರಳುಗಳು ಅದಕ್ಕೆ ಸಾಕಾದವು.

"ಫ್ಲಾಸ್ಕಲ್ಲಿ ಕಾಫಿ ಇದೆ," ಅಂದ ಅವನು ಬೇರೇನೂ ತೋಚದೆ. "ತರ್ಲಾ?"

"ಅದನ್ನ ಚೆಲ್ಲು," ಅಂದಳು ಲೆಂಪಿ. "ಬಿಸಿ ಕಾಫಿ ಇಟ್ಟಿದೀನಿ. ಒಳಗೆ ಬಾ."