ಎರಡು ಕೈ, ಏಳು ರಾಕ್ಷಸರು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಐದನೇ ಡಬ್ಬಿಯನ್ನು ಎತ್ತಿದಾಗಲೇ ಚಿತ್ರಮಂದಿರದ ಆಪರೇಟರನಿಗೆ ಏನೋ ತಪ್ಪಿದೆ ಅನ್ನಿಸಿತು. ಡಬ್ಬಿಗೆ ತೂಕವೇ ಇರಲಿಲ್ಲ. ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಉಳಿದ ಏಳು ಡಬ್ಬಿಗಳಲ್ಲಿ ಏಳು ರೀಲುಗಳು ಸುಖವಾಗಿ ಮಲಗಿದ್ದವು. ಕಪ್ಪೆರಾಕ್ಷಸನಿದ್ದ ಐದನೆಯದು ಮಾತ್ರ ಮಂಗಮಾಯ.

ಹನ್ನೊಂದಕ್ಕೆ ಆಟ. ಐವತ್ತು ವರ್ಷ ಹಳೆಯ ಆ ಮಾಯಾಲೋಕದ ಚಿತ್ರಕ್ಕೆ ಉಳಿದಿದ್ದುದು ಈ ಚಿತ್ರಮಂದಿರದಲ್ಲಿದ್ದ ಇದೊಂದೇ ಪ್ರತಿ. ಅದರ ರಾಕ್ಷಸರನ್ನೆಲ್ಲ ಮಾಡಿದ ಅಜ್ಜನೇ ಸ್ವತಃ ಬಂದು ಚಿತ್ರಮಂದಿರದ ಮೇಲಿನ ಕೋಣೆಯಲ್ಲಿ ಉಳಿದುಕೊಂಡಿದ್ದ. ಊರಿನ ಮಕ್ಕಳೆಲ್ಲ ಅಪ್ಪ ಅಮ್ಮಂದಿರ ಕೈ ಹಿಡಿದುಕೊಂಡು ಬರುವವರಿದ್ದರು.

"ಬೀರುವಿನ ಬೀಗ ಸರಿಯಾಗೇ ಇದೆ. ಮತ್ತೆ ರೀಲಿಗೆ ರೆಕ್ಕೆ ಬಂತಾ?" ಎಂದ ಅಳಿಯ. ಚಿತ್ರಮಂದಿರದ ಯಜಮಾನರು ಹಾಸಿಗೆ ಹಿಡಿದ ಮೇಲೆ ಅವರ ಈ ಅಳಿಯನದೇ ದರ್ಬಾರು.

"ಬೀಗದಕೈ ಬಾಗಿಲ ಹಿಂದಿನ ಮೊಳೆಗೆ ನೇತಾಡ್ತಿರುತ್ತೆ ಸಾರ್. ಮೂವತ್ತು ವರ್ಷದಿಂದ ಅಲ್ಲೇ. ಎಲ್ಲರಿಗೂ ಗೊತ್ತು," ಎಂದ ಆಪರೇಟರ್. "ಆರು ಗಂಟೆಗೆ ಸ್ನಾನಕ್ಕೆ ಕೆಳಗೆ ಹೋಗಿದ್ದೆ. ಅರ್ಧ ಗಂಟೆ. ಅಷ್ಟೇ."

"ಮುಂದಿನ ಗೇಟು ಏಳರವರೆಗೆ ತೆಗೆದಿರಲಿಲ್ಲ. ಒಳಗಿದ್ದವರು ಎಷ್ಟು ಜನ? ನೀನು, ನಿನ್ನ ತಮ್ಮ, ಹೊಲಿಗೆಯವಳು, ಅಜ್ಜ, ಸಿನಿಮಾ ಪುಸ್ತಕ ಬರೆಯೋಕೆ ಬಂದಿರೋ ಆ ಸಂಶೋಧಕ, ಅಲಂಕಾರ ನೋಡೋಕೆ ಹಿಂಬಾಗಿಲಿಂದ ಬಂದ ನಾನು. ಅದರಲ್ಲಿ ರೀಲು ಮುಟ್ಟೋ ಕೆಲಸ ಯಾರದು? ನಿನ್ನೊಬ್ಬನದು." ಅಳಿಯ ಗಡಿಯಾರ ನೋಡಿಕೊಂಡ. "ಹನ್ನೊಂದರೊಳಗೆ ರೀಲು ಬರದೆ ಇದ್ರೆ ಹನ್ನೊಂದೂವರೆಗೆ ನಿನ್ನ ಹಾಸಿಗೆ ರಸ್ತೆ ಮೇಲಿರುತ್ತೆ. ಹೇಗೂ ಈ ಹಳೇ ಮಷೀನಿಗೆ ಗುಡ್‌ಬೈ ಹೇಳೋಣ ಅಂತಲೇ ಇದ್ದೆ."

ಬಾಗಿಲಲ್ಲಿ ನಿಂತಿದ್ದ ಆಪರೇಟರನ ತಮ್ಮನಿಗೆ ಕಣ್ಣು ಕೆಂಪಗಾಯಿತು. ಪೋಸ್ಟರು ಬರೆಯುವ ಅವನನ್ನು ಎಲ್ಲರೂ ಕುಂಚ ಅನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅಣ್ಣ ಈ ಮಷೀನಿನ ಬಿಸಿಯಲ್ಲೇ ಬೆಂದು ಅವನನ್ನು ಸಾಕಿದ್ದ. ಅಂಥ ಅಣ್ಣ ಈಗ ಖಾಲಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಬೈಸಿಕೊಳ್ಳುವ ಮಗುವಿನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಕುಂಚನ ಕೈ ಮುಷ್ಟಿಯಾಯಿತು. ಅಳಿಯನ ಮೂಗು ಒಡೆದರೆ ರೀಲು ಸಿಗುವುದಿಲ್ಲ ಎಂಬುದೊಂದೇ ಅವನನ್ನು ತಡೆದಿದ್ದು. ಅವನು ಮೆಟ್ಟಿಲು ಎರಡೆರಡು ಹಾರಿ ಕೆಳಗಿಳಿದು, ಪರದೆಯ ಹಿಂದಿನ ಸಣ್ಣ ಕೋಣೆಯ ಬಾಗಿಲು ಬಡಿದ.

"ಅತ್ತೆ, ಏಳಿ. ಅಣ್ಣನ ಕುತ್ತಿಗೆಗೆ ಬಂದಿದೆ."

"ಎದ್ದು ಎರಡು ಗಂಟೆ ಆಯ್ತು. ಬಾಗಿಲು ಮುರೀಬೇಡ, ಅದನ್ನ ಹೊಲಿಯೋಕೆ ಬರಲ್ಲ ನಂಗೆ."

ಸೂಜಿ ಅತ್ತೆ ಕುರ್ಚಿಯ ಗವಸು ಹೊಲಿಯುತ್ತಿದ್ದಳು. ಯಾರಿಗೂ ನಿಜವಾದ ಅತ್ತೆಯಲ್ಲ, ಎಲ್ಲರಿಗೂ ಅತ್ತೆ. ಹರಿದ ಪರದೆ, ಕಿತ್ತ ಸೀಟು ರಿಪೇರಿ ಮಾಡುವುದು ಅವಳ ಕೆಲಸ. ಅದರ ಜೊತೆಗೆ, ಚಿತ್ರಮಂದಿರದಲ್ಲಿ ಏನು ಕಳೆದರೂ ಹುಡುಕುವುದು. ಹೋದ ವರ್ಷ ಸ್ಪೀಕರಿನ ತಾಮ್ರ ಕದ್ದವನನ್ನು ಅವನ ಪ್ಯಾಂಟಿನ ಮಡಿಕೆ ನೋಡಿಯೇ ಹಿಡಿದಿದ್ದಳು. ಪೊಲೀಸರು ವಾರವಿಡೀ ಟೀ ಕುಡಿದು ಹೋಗಿದ್ದರು.

ಮಷೀನು ಕೋಣೆಯಲ್ಲಿ ಅವಳು ಬೀಗವನ್ನು ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಬೀರುವಿನ ಮುಂದೆ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಡಬ್ಬಿ ಇಡುವ ಹಲಗೆಗೆ ಮೂಗು ತಾಗುವಷ್ಟು ಬಾಗಿದಳು.

"ಆಪರೇಟರಪ್ಪ, ಡಬ್ಬಿ ಹೇಗೆ ಜೋಡಿಸಿದ್ದೆ?"

"ಹಿಂದಿನ ಸಾಲಲ್ಲಿ ಐದರಿಂದ ಎಂಟು. ಮುಂದಿನ ಸಾಲಲ್ಲಿ ಒಂದರಿಂದ ನಾಲ್ಕು."

"ಅಂದ್ರೆ ಐದನ್ನ ತೆಗೀಬೇಕಾದ್ರೆ ಒಂದನ್ನ ಸರಿಸಬೇಕು. ಇವತ್ತು ಬೆಳಿಗ್ಗೆ ಒಂದು ಎಲ್ಲಿತ್ತು?"

"ನಾನಿಟ್ಟ ಜಾಗದಲ್ಲೇ ಅತ್ತೆ. ಕೂದಲೆಳೆ ಆಚೀಚೆ ಇಲ್ಲ. ಅದಕ್ಕೇ ಏನೂ ಅನುಮಾನ ಬರಲಿಲ್ಲ."

"ಕುಂಚ, ಇಲ್ಲಿ ನೋಡು. ಇವು ನಿಂದಾ?"

ಒಂದನೇ ಡಬ್ಬಿಯ ಸುತ್ತ ಹಲಗೆಯ ಮೇಲೆ ಇರುವೆಯಷ್ಟು ಸಣ್ಣ ಮೂರು ಪೆನ್ಸಿಲ್ ಗೀಟುಗಳಿದ್ದವು. ಐದನೆಯದರ ಸುತ್ತಲೂ ಮೂರು. ಬೇರೆ ಯಾವ ಡಬ್ಬಿಯ ಹತ್ತಿರವೂ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಅಲ್ಲವೆಂದು ತಲೆಯಾಡಿಸಿದರು.

"ಕಳ್ಳನಿಗೆ ಗೀಟು ಯಾಕೆ?" ಎಂದ ಕುಂಚ. "ಕದ್ದು ಓಡಿಹೋಗೋದು ಬಿಟ್ಟು ಚಿತ್ರ ಬರೀತಾ ಕೂತಿದ್ನಾ?"

"ಅದನ್ನೇ ನಾನೂ ಕೇಳ್ತಿರೋದು. ನಿನ್ನೆ ಸಂಜೆ ಪರೀಕ್ಷೆಗೆ ಅಂತ ಚಿತ್ರ ಓಡಿಸಿದಾಗ ಏನೇನಾಯ್ತು, ಹೇಳು. ನೀನು ಬರೆಯೋನು, ಕಣ್ಣಿದೆ ನಿಂಗೆ."

ಕುಂಚ ನೆನಪಿಸಿಕೊಂಡ. ಆ ಸಂಜೆಯನ್ನು ಮರೆಯುವುದಾದರೂ ಹೇಗೆ? ಅಂಬಿಗನ ಮಗಳು, ಮಂತ್ರವಾದಿ ಹಕ್ಕಿಯಾಗಿಸಿದ ತನ್ನ ತಾಯಿಯನ್ನು ಹುಡುಕಿ, ತಮ್ಮನನ್ನು ದೋಣಿಯಲ್ಲಿ ಕೂರಿಸಿಕೊಂಡು ಏಳು ದ್ವೀಪ ದಾಟುತ್ತಾಳೆ. ದ್ವೀಪಕ್ಕೊಬ್ಬ ರಾಕ್ಷಸ. ಇವತ್ತಿನ ಚಿತ್ರಗಳಲ್ಲಿ ರಾಕ್ಷಸರು ಗಾಜಿನಲ್ಲಿ ಎರಕ ಹೊಯ್ದ ಹಾಗೆ ನುಣುಪಾಗಿರುತ್ತಾರೆ, ಹತ್ತು ಊರು ನೆಲಸಮ ಮಾಡಿದರೂ ನೋಡುವವನಿಗೆ ಆಕಳಿಕೆ. ಇಲ್ಲಿಯ ರಾಕ್ಷಸರು ಉಸಿರಾಡುತ್ತಿದ್ದರು. ಐದನೇ ದ್ವೀಪದ ಕಪ್ಪೆರಾಕ್ಷಸ ಗುಡ್ಡದಷ್ಟು ದೊಡ್ಡವನು. ಈಟಿ ತಾಗಿ ಬಿದ್ದಾಗ ಹುಡುಗಿಯ ಕಡೆ ನೋಡಿ ಎರಡು ಸಲ ನಿಧಾನವಾಗಿ ಕಣ್ಣು ಮಿಟುಕಿಸುತ್ತಾನೆ. ಅಷ್ಟೇ. ಅಷ್ಟಕ್ಕೇ, ಅಲ್ಲಿಯವರೆಗೆ ಅವನು ಸಾಯಲಿ ಅಂತಿದ್ದವರೆಲ್ಲ ಅಳುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕುಂಚ ಕಲಾವಿದನ ಕೈ ಅಂದರೇನು ಎಂದು ಕಲಿತದ್ದು ಆ ಎರಡು ಮಿಟುಕಿನಿಂದ.

"ಅಜ್ಜ ಗೊಂಬೆ ತೋರಿಸಿದ್ರು," ಎಂದ. "ಒಂದೂವರೆ ಗೇಣು ಇದೆ, ಅಷ್ಟೇ. ಕೂದಲೆಳೆಯಷ್ಟು ಸರಿಸೋದು, ಒಂದು ಫೋಟೋ. ಮತ್ತೆ ಸರಿಸೋದು, ಮತ್ತೊಂದು ಫೋಟೋ. ಸರಿಸೋ ಮುಂಚೆ ಎಲ್ಲಿತ್ತು ಅಂತ ಗುರುತು ಹಾಕದಿದ್ರೆ ರಾಕ್ಷಸ ಕುಡಿದವನ ಹಾಗೆ ತೂರಾಡ್ತಾನಂತೆ. ನೀವು ಅದರ ಚರ್ಮ ಮುಟ್ಟಿ, 'ಅಬ್ಬಾ, ಎಡಗೈ ಹೊಲಿಗೆ, ಎಷ್ಟು ಚೆಂದ' ಅಂದ್ರಿ. ಅಜ್ಜ ಬಲಗೈಯಲ್ಲಿ ಥಟ್ಟನೆ ಅದನ್ನ ಡಬ್ಬದೊಳಗೆ ಇಟ್ಟುಬಿಟ್ರು. ಟೀ ಕುಡಿಯೋವಷ್ಟು ಹೊತ್ತೂ ಅದನ್ನ ಹೊರಗೆ ಬಿಡಲ್ವಂತೆ, ಗಾಳಿಗೆ ರಬ್ಬರು ಒಡೆಯುತ್ತಂತೆ."

"ಆಮೇಲೆ?"

"ಆ ಸಂಶೋಧಕ ಐದನೇ ರೀಲು ಇನ್ನೊಂದು ಸಲ ಹಾಕಿ ಅಂದ. ಹಾಕಿದ್ವಿ. ಸೋಮವಾರ ಚಿತ್ರ ಪೂರ್ತಿ ಒಂದೊಂದೇ ಚೌಕ, ಅಂದ್ರೆ ಒಂದೊಂದೇ ಫೋಟೋ, ಬಿಡಿಸಿ ನೋಡ್ತೀನಿ, ಪುಸ್ತಕದಲ್ಲಿ ಹಾಕ್ತೀನಿ ಅಂತ ಬೀಗ್ತಿದ್ದ. ಆಮೇಲೆ... ಏನಿಲ್ಲ. ಅಜ್ಜನ ಊರುಗೋಲು ಬಿತ್ತು, ಎತ್ತಿಕೊಂಡ್ರು."

"ಯಾವಾಗ ಬಿತ್ತು?"

"ಕಪ್ಪೆ ಎರಡನೇ ಸಲ ಕಣ್ಣು ಮಿಟುಕಿಸೋವಾಗ. ಎಲ್ಲರೂ ಅಳ್ತಿದ್ರು, ಟಣ್ ಅಂತ ಸದ್ದು ಬಂತು. ಎರಡನೇ ಆಟದಲ್ಲೂ..." ಕುಂಚ ನಿಂತ. "ಎರಡನೇ ಆಟದಲ್ಲೂ ಅಲ್ಲೇ ಬಿತ್ತು, ಅತ್ತೆ."

ಅತ್ತೆ ಕನ್ನಡಕ ಇಳಿಸಿಕೊಂಡು ಎದ್ದಳು.

ಸಂಶೋಧಕ ತನ್ನ ಕೋಣೆಯಲ್ಲಿ ಎರಡು ಪೆಟ್ಟಿಗೆಗಳನ್ನೂ ತಾನೇ ಬಿಚ್ಚಿ ಹರಡಿ ತೋರಿಸಿದ. "ನಾನ್ಯಾಕ್ರೀ ಕದೀಲಿ? ನಾಳೆ ಪೂರ್ತಿ ಚಿತ್ರ ನನ್ನ ಕೈಗೇ ಬರೋದಿತ್ತು," ಎಂದು ಗೋಳಾಡಿದ. ಅಳಿಯನನ್ನು ಅವಳು ಕೇಳಿದ್ದು ಒಂದೇ. "ಅಳಿಯಂದಿರೇ, ನಿಮ್ಮ ಹತ್ತಿರ ಪೆನ್ಸಿಲ್ ಇದೆಯಾ?"

"ನಾನು ಪೆನ್ಸಿಲ್ ಹಿಡಿದು ಇಪ್ಪತ್ತು ವರ್ಷ ಆಯ್ತು."

"ನಂಬ್ತೀನಿ," ಎಂದಳು ಅತ್ತೆ.

ಅಜ್ಜ ಕಿಟಕಿಯ ಬಳಿ ಕುಳಿತಿದ್ದ. ಎಂಬತ್ತೆರಡರ ಮೈ ಒಣಗಿದ ಬೇರಿನಂತಿದ್ದರೂ ಬೆರಳುಗಳು ಇನ್ನೂ ನೆಟ್ಟಗಿದ್ದವು. ಕಪ್ಪೆರಾಕ್ಷಸ ಟವೆಲ್ಲಿನಲ್ಲಿ ಸುತ್ತಿಕೊಂಡು ಅವನ ತೊಡೆಯ ಮೇಲೆ ಮಲಗಿದ್ದ. ಗೊಂಬೆಯ ದುಂಡು ಡಬ್ಬ ಕುರ್ಚಿಯ ಕೆಳಗಿತ್ತು. ಕುಂಚ ತನಗರಿವಿಲ್ಲದೆ ಕೈ ಮುಗಿದ. ಅತ್ತೆ ಬೆಳಗಿನ ಟೀ ಚೆನ್ನಾಗಿತ್ತೇ ಎಂದು ವಿಚಾರಿಸಿ, "ಹತ್ತು ಗಂಟೆಗೆ ಕೆಳಗೆ ಬನ್ನಿ ಅಜ್ಜ, ಮೊದಲನೇ ಸಾಲಿಗೆ. ಡಬ್ಬನೂ ತನ್ನಿ," ಎಂದು ಹೊರಟುಬಂದಳು.

ಹತ್ತಕ್ಕೆ ಖಾಲಿ ಚಿತ್ರಮಂದಿರದ ಮೊದಲನೇ ಸಾಲಿನಲ್ಲಿ ಎಲ್ಲರೂ ಕುಳಿತರು. ಅತ್ತೆ ಬಿಳಿ ಪರದೆಗೆ ಬೆನ್ನು ಮಾಡಿ ನಿಂತಳು. ಬೆರಳಿಗೆ ಹೊಲಿಯುವಾಗ ಹಾಕುವ ಲೋಹದ ಟೋಪಿ ಹಾಗೇ ಇತ್ತು.

"ಮಾರೋಕೆ ಕದಿಯೋನು ಡಬ್ಬಿ ಸಮೇತ ಒಯ್ತಾನೆ," ಎಂದು ಶುರುಮಾಡಿದಳು. "ಆಪರೇಟರಿಗೆ ಕೆಟ್ಟ ಹೆಸರು ತರೋಕೆ ಕದಿಯೋನು ಬಾಗಿಲು ತೆಗೆದಿಟ್ಟು ಹೋಗ್ತಾನೆ. ಈ ಕಳ್ಳ ಎರಡೂ ಮಾಡಲಿಲ್ಲ. ಡಬ್ಬಿ ಸರಿಸೋ ಮುಂಚೆ ಅದು ಎಲ್ಲಿತ್ತು ಅಂತ ಪೆನ್ಸಿಲ್ ಗುರುತು ಹಾಕ್ಕೊಂಡ, ಆಮೇಲೆ ಅದೇ ಗುರುತಿಗೆ ವಾಪಸ್ ಇಟ್ಟ. ಬೇಕು ಅಂತ ಮಾಡಿದ್ದಲ್ಲ ಅದು. ಕೈಗೆ ಹತ್ತಿದ ಅಭ್ಯಾಸ. ನಾನು ಬಟ್ಟೆ ಕತ್ತರಿಸೋ ಮುಂಚೆ ಗೀಟು ಹಾಕೋ ಹಾಗೆ. ಜೀವಮಾನ ಎಲ್ಲ, ಏನನ್ನ ಸರಿಸಿದ್ರೂ ಮೊದಲು ಗುರುತು ಹಾಕಿ ಸರಿಸಿದ ಕೈ ಒಂದೇ ಇದೆ ಇಲ್ಲಿ."

ಯಾರೂ ಅಜ್ಜನ ಕಡೆ ನೋಡಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು.

"ಇನ್ನು, ಯಾಕೆ ಅನ್ನೋದು. ಕೋಲು ಎರಡು ಸಲ ಒಂದೇ ಜಾಗದಲ್ಲಿ ಬೀಳಲ್ಲ. ಬೀಳಿಸಿದ್ರೆ ಬೀಳುತ್ತೆ. ಆ ಕ್ಷಣ ಎಲ್ಲರೂ ತಿರುಗಿ ಕೋಲು ನೋಡಲಿ, ಪರದೆ ನೋಡದಿರಲಿ ಅಂತ. ಅಂದ್ರೆ ಆ ಎರಡನೇ ಮಿಟುಕಿನಲ್ಲಿ ಏನೋ ಇದೆ. ಸೋಮವಾರ ಒಂದೊಂದೇ ಚೌಕ ನೋಡ್ತೀನಿ ಅಂದ ಇವರ ಕಣ್ಣಿಗೆ ಅದು ಬೀಳದೆ ಇರುತ್ತಾ? ಅದನ್ನ ಕತ್ತರಿಸಿ ತೆಗೆದು, ರೀಲು ಎಂಟರೊಳಗೆ ವಾಪಸ್ ಇಡೋಣ ಅಂತಿದ್ರು. ಆಪರೇಟರ್ ಆರೂವರೆಗೇ ಸ್ನಾನ ಮುಗಿಸಿ ಬಂದುಬಿಟ್ಟ. ಗೊಂಬೆ ಗಾಳಿಗೆ ಒಡೆಯುತ್ತೆ ಅಂದವರು ಇವತ್ತು ಅದನ್ನ ಟವೆಲ್ಲಲ್ಲಿ ಸುತ್ತಿಕೊಂಡು ಕೂತಿದ್ದಾರೆ. ಯಾಕಂದ್ರೆ ಅದರ ಡಬ್ಬದಲ್ಲಿ ಬೇರೆ ಯಾರೋ ಮಲಗಿದ್ದಾರೆ."

ಅಜ್ಜ ಡಬ್ಬದ ಮುಚ್ಚಳ ತೆಗೆದ. ಐದನೇ ರೀಲು ಒಳಗೆ ಸರಿಯಾಗಿ ಕೂತಿತ್ತು.

ಕುಂಚ ಎದ್ದು ನಿಂತುಬಿಟ್ಟ. "ಒಂಬತ್ತು ವರ್ಷದವನಿದ್ದಾಗಿಂದ ನಿಮ್ಮ ಕೈ ಹಾಗೆ ನನ್ನ ಕೈ ಆಗಲಿ ಅಂತ ಬರೆದೋನು ನಾನು. ನನ್ನಣ್ಣ ಮಷೀನು ಕೋಣೆಯಲ್ಲಿ ಕಳ್ಳ ಅನ್ನಿಸಿಕೊಳ್ತಿದ್ದಾಗ ನೀವು ಕಿಟಕಿ ಹತ್ತಿರ ಟೀ ಕುಡೀತಾ ಇದ್ರಿ. ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು," ಎಂದ ಅಜ್ಜ. "ಐವತ್ತು ವರ್ಷದಿಂದ ಹೇಳಬಹುದಿತ್ತು ಮಗ."

"ಅವನನ್ನ ಕೂರಿಸು ಆಪರೇಟರಪ್ಪ," ಎಂದು ಅತ್ತೆ ಅಜ್ಜನ ಪಕ್ಕದಲ್ಲಿ ಕುಳಿತಳು. ತೊಡೆಯ ಮೇಲಿದ್ದ ರಾಕ್ಷಸನ ಬೆನ್ನ ಹೊಲಿಗೆಯನ್ನು ಬೆರಳಿಂದ ಸವರಿದಳು. "ಒಂದೊಂದು ಹೊಲಿಗೆನೂ ಎಡಕ್ಕೆ ಓರೆ. ಇದು ಎಡಗೈಯವರ ಹೊಲಿಗೆ. ನೀವು ಎಲ್ಲಕ್ಕೂ ಬಲಗೈ. ಯಾರದು ಅಜ್ಜ?"

"ಅಕ್ಕಂದು."

ಅಜ್ಜ ಗೊಂಬೆಯ ಮೇಲಿನ ಟವೆಲ್ಲನ್ನು ಸರಿಪಡಿಸಿದ.

"ಎಲುಬು ಮಾಡಿದ್ದು ನಾನು. ಚರ್ಮ ಹೊಲಿದದ್ದು ಅವಳು. ಸರಿಸಿದ್ದೂ ಅವಳೇ. ನಾನು ಗುರುತು ಹಾಕಿ ಕ್ಯಾಮೆರಾ ಗುಂಡಿ ಒತ್ತುತ್ತಿದ್ದೆ, ಅಷ್ಟೇ. ಆ ಮಿಟುಕಿಗೆ ಒಂದೂವರೆ ದಿನ ಹಿಡೀತು, ಅವಳಿಗೆ ಜ್ವರ ಬೇರೆ. ಅವಳು ಕೈ ತೆಗೆಯೋ ಮುಂಚೆ ನಾನು ಒತ್ತಿಬಿಟ್ಟೆ. ಒಂದೇ ಒಂದು ಚೌಕದಲ್ಲಿ ರಾಕ್ಷಸನ ಕೆನ್ನೆ ಮೇಲೆ ಅವಳ ಎಡಗೈ ಇದೆ, ಬೆರಳಿಗೆ ಇವರ ಹಾಗೇ ಟೋಪಿ. ರಾಕ್ಷಸರ ಚಿತ್ರಕ್ಕೆ ಹೆಂಗಸಿನ ಹೆಸರು ಹಾಕಿದ್ರೆ ಯಾವ ಮಗು ಹೆದರುತ್ತೆ ಅಂದ್ರು ಹಣ ಹಾಕಿದವರು. ನಾನು ಹೂಂ ಅಂದೆ. ಆಮೇಲೆ ಎಲ್ಲ ಕಡೆ 'ಒಬ್ಬನೇ ಮಾಡಿದೆ' ಅಂತ ಹೇಳ್ಕೊಂಡು ಹಾರ ಹಾಕಿಸ್ಕೊಂಡೆ."

"ಅವರು ಏನೂ ಅನ್ನಲಿಲ್ವಾ?" ಸಂಶೋಧಕ ಮೆಲ್ಲಗೆ ಕೇಳಿದ. ಅವನ ಜಂಬ ಎಲ್ಲಿ ಹೋಯಿತೋ.

"ಮೊದಲನೇ ಆಟದಲ್ಲೇ ಆ ಚೌಕ ಕಂಡುಹಿಡಿದಳು. ಕತ್ತರಿಸಿಬಿಡ್ತೀನಿ ಅಕ್ಕ ಅಂದೆ. 'ಇರಲಿ ಬಿಡೋ, ನಾನೂ ಇದ್ದೆ ಅಂತ ಒಂದು ಕಡೆ ಇರಲಿ' ಅಂತ ನಕ್ಕಳು. ಇವತ್ತು ಬೆಳಿಗ್ಗೆ ಕಿಟಕಿ ಬೆಳಕಿಗೆ ಹಿಡಿದು ಹುಡುಕಿದೆ. ಸಿಕ್ತು. ಕತ್ತರಿ ಬಾಯಿ ತೆರೆದೆ. ಅವಳ ಫೋಟೋ ಇನ್ನೆಲ್ಲೂ ಇಲ್ಲ ನನ್ನ ಹತ್ತಿರ. ಆಗಲಿಲ್ಲ. ಅಷ್ಟರಲ್ಲಿ ಮಷೀನು ಕೋಣೆಯಲ್ಲಿ ಗಲಾಟೆ ಶುರುವಾಯ್ತು, ಹೆದರಿಕೊಂಡೆ." ಅವನು ಕಷ್ಟಪಟ್ಟು ಎದ್ದು ಆಪರೇಟರನ ಮುಂದೆ ನಿಂತು, ರೀಲನ್ನು ಎರಡು ಕೈಯಲ್ಲಿ ಚಾಚಿದ. "ನಿನ್ನ ಹೆಸರಿಗೆ ಮಸಿ ಬಳಿದೆ. ಏನು ಬೇಕಾದರೂ ಅನ್ನಪ್ಪ."

ಆಪರೇಟರ್ ರೀಲನ್ನು ತೆಗೆದುಕೊಂಡು ಅಂಚನ್ನು ಬೆಳಕಿಗೆ ಹಿಡಿದು ನೋಡಿದ. "ಒಂದು ಗೀರೂ ಬಿದ್ದಿಲ್ಲ," ಎಂದ. "ಇನ್ನು ನಲವತ್ತು ನಿಮಿಷ ಇದೆ. ಮಷೀನು ಬಿಸಿ ಮಾಡ್ಬೇಕು." ರೀಲು ಹಿಡಿದು ಮೆಟ್ಟಿಲು ಹತ್ತಿಹೋದ. ಅವನ ಕೋಪದ ಅಳತೆಯೇ ಅಷ್ಟು.

ಕುಂಚನದು ಹಾಗಲ್ಲ. ಅವನು ಅಳಿಯನ ಕಡೆ ತಿರುಗಿದ. "ಹಾಸಿಗೆ ರಸ್ತೆ ಮೇಲೆ ಅಂದ್ರಲ್ಲ, ಸಾರ್. ಈಗ ಮೇಲೆ ಹೋಗಿ ನನ್ನಣ್ಣನಿಗೆ ಒಂದು ಮಾತು ಹೇಳಿಬನ್ನಿ. ಎಲ್ಲರೂ ಕಾಯ್ತೀವಿ."

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಗಡಿಯಾರ ನೋಡಿದಳು. ಅಳಿಯ ಮೆಟ್ಟಿಲು ಹತ್ತಿದ.

ಹನ್ನೊಂದಕ್ಕೆ ಒಂದು ಸೀಟೂ ಖಾಲಿ ಇರಲಿಲ್ಲ. ಅಜ್ಜನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಕುಂಚ. ಐದನೇ ರೀಲು ಶುರುವಾದಾಗ ಅಜ್ಜ ಊರುಗೋಲನ್ನು ಅತ್ತೆಯ ಕೈಗೆ ಕೊಟ್ಟ. ಈಟಿ ತಾಗಿತು, ಕಪ್ಪೆರಾಕ್ಷಸ ಬಿದ್ದ. ಮಕ್ಕಳೆಲ್ಲ ಉಸಿರು ಹಿಡಿದರು. ಒಂದು ಮಿಟುಕು. ಕುಂಚ ಕಣ್ಣು ಮುಚ್ಚದೆ ಕಾದ. ಎರಡನೆಯದು. ಅಲ್ಲಿ, ಸೆಕೆಂಡಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಹೊತ್ತು, ಸಾಯುತ್ತಿದ್ದ ಆ ಗುಡ್ಡದ ಕೆನ್ನೆಯನ್ನು ಒಂದು ಕೈ ಸವರಿ ಹೋಯಿತು. ನೂರು ಸಲ ನೋಡಿದ ಚಿತ್ರ. ಇಷ್ಟು ದಿನ ತಾನು ಅಳುತ್ತಿದ್ದುದು ಅದಕ್ಕೇ ಇರಬೇಕು ಅನ್ನಿಸಿತು ಅವನಿಗೆ.

ಅವನು ಬಗ್ಗಿಕೊಂಡೇ ಹೊರಗೆ ಬಂದು, ಬಣ್ಣದ ಡಬ್ಬಿ ಎತ್ತಿಕೊಂಡು, ಬೀದಿಯ ಬಿಸಿಲಿಗೆ ಏಣಿ ಹಾಕಿದ. ಅಳಿಯ ಹೇಳಿ ಬರೆಸಿದ್ದ ಸಾಲು ಚಿತ್ರಮಂದಿರದ ಮುಂದಿನ ಪೋಸ್ಟರಿನಲ್ಲಿ ಕುಂಚನಷ್ಟೇ ಎತ್ತರದ ಅಕ್ಷರಗಳಲ್ಲಿ ಹೊಳೆಯುತ್ತಿತ್ತು. 'ಎರಡು ಕೈ, ಏಳು ರಾಕ್ಷಸರು.' ಅವನು ಮೊದಲ ಪದದ ಮೇಲೆ ಬಿಳಿ ಬಳಿದ. ಒಣಗುವವರೆಗೆ ಏಣಿಯ ಮೇಲೆಯೇ ಕುಳಿತಿದ್ದ. ಆಮೇಲೆ ಕುಂಚವನ್ನು ಎಡಗೈಗೆ ಬದಲಾಯಿಸಿಕೊಂಡು, ಸೊಟ್ಟಸೊಟ್ಟಗೆ, 'ನಾಲ್ಕು' ಎಂದು ಬರೆದ.